ಏಳು ಕೆಜಿ ಲೆಕ್ಕ: ಕೈಬ್ಯಾಗ್ ಸಾಕಾ, ಸೂಟ್‌ಕೇಸ್ ಬೇಕಾ?

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬೆಳಗಿನ ಜಾವ ಚೆಕ್-ಇನ್ ಕೌಂಟರ್ ಹತ್ತಿರ ಹತ್ತು ನಿಮಿಷ ನಿಂತರೆ ಸಾಕು, ಒಂದು ದೃಶ್ಯ ಖಾತ್ರಿ. ನೆಲದ ಮೇಲೆ ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿರುತ್ತದೆ. ಗಂಡ ಕುಕ್ಕರಗಾಲಲ್ಲಿ ಕೂತು ಶೂ, ಚಾರ್ಜರ್, ಚಕ್ಕುಲಿ ಡಬ್ಬ ಒಂದೊಂದೇ ತೆಗೆದು ಕೊಡುತ್ತಿರುತ್ತಾನೆ. ಹೆಂಡತಿ ಅದನ್ನೆಲ್ಲ ಹೆಗಲ ಚೀಲಕ್ಕೆ ತುರುಕುತ್ತಿರುತ್ತಾಳೆ. ಅತ್ತೆ ತೂಕ ಉಳಿಸಲು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಬೆವರುತ್ತಿರುತ್ತಾರೆ. ಹಿಂದಿನ ಕ್ಯೂ ಗೊಣಗುತ್ತಿರುತ್ತದೆ.

ಇದೆಲ್ಲ ಹಿಂದಿನ ರಾತ್ರಿ ಮನೆಯಲ್ಲೇ ಮುಗಿಯಬೇಕಾದ ಕೆಲಸ. ಕೈಬ್ಯಾಗಿನಲ್ಲೇ ಹೋಗಿಬರುವುದೋ, ದೊಡ್ಡ ಬ್ಯಾಗನ್ನು ಚೆಕ್-ಇನ್‌ಗೆ ಹಾಕುವುದೋ (ಅಂದರೆ ಕೌಂಟರಿನಲ್ಲಿ ಕೊಟ್ಟು ವಿಮಾನದ ಹೊಟ್ಟೆಗೆ ಕಳಿಸುವುದೋ) ಅನ್ನುವುದನ್ನು ಬಹಳಷ್ಟು ಜನ ಅಂದಾಜಿನ ಮೇಲೆ ತೀರ್ಮಾನಿಸುತ್ತಾರೆ. ತಕ್ಕಡಿ ನೋಡಿ ತೀರ್ಮಾನಿಸಿ. ಹೇಗೆ ಅಂತ ಹೇಳುತ್ತೇನೆ.

ಹಂತ 1: ಟಿಕೆಟ್ ಪೂರ್ತಿ ಓದಿ

ದೇಶದೊಳಗಿನ ಎಕಾನಮಿ ಟಿಕೆಟ್‌ನಲ್ಲಿ ಸಾಮಾನ್ಯವಾಗಿ 7 ಕೆಜಿಯ ಒಂದು ಕೈಬ್ಯಾಗ್, 15 ಕೆಜಿ ಚೆಕ್-ಇನ್ ಇರುತ್ತದೆ. ಸಾಮಾನ್ಯವಾಗಿ ಅಂದೆ, ಗಮನಿಸಿ. ಚೆಕ್-ಇನ್ ಬ್ಯಾಗ್ ಇಲ್ಲದ ಅಗ್ಗದ ಟಿಕೆಟ್ ಮಾರಲು 2021ರಲ್ಲೇ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಒಪ್ಪಿಗೆ ಕೊಟ್ಟಿದೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 'ಲೈಟ್' ಟಿಕೆಟ್ ಅಂಥದ್ದು. ಕಡಿಮೆ ದುಡ್ಡು ಅಂತ ಒತ್ತಿಬಿಟ್ಟು, ಕೌಂಟರಿನಲ್ಲಿ ಕೆಜಿಗಿಷ್ಟು ಅಂತ ಕಟ್ಟುವವರನ್ನು ಬೇಕಾದಷ್ಟು ನೋಡಿದ್ದೇನೆ. ಬ್ಯಾಗ್ ಬೇಕು ಅಂತ ಗೊತ್ತಾದರೆ ಮುಂಚೆಯೇ ಆನ್‌ಲೈನ್‌ನಲ್ಲಿ ಸೇರಿಸಿಕೊಳ್ಳಿ, ಅಗ್ಗವಾಗುತ್ತದೆ.

ಹಂತ 2: ಮೊದಲು ಖಾಲಿ ಬ್ಯಾಗ್ ತೂಗಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

7 ಕೆಜಿ ಅಂದರೆ ಸಾಮಾನಿನ ತೂಕ ಮಾತ್ರ ಅಂತ ಜನ ತಿಳಿದುಕೊಂಡಿರುತ್ತಾರೆ. ಬ್ಯಾಗ್ ಕೂಡ ಆ ಲೆಕ್ಕದಲ್ಲೇ ಬರುತ್ತದೆ. ನಮ್ಮ ಮನೆಯಲ್ಲಿರುವ ಗಟ್ಟಿ ಚಿಪ್ಪಿನ, ನಾಲ್ಕು ಚಕ್ರದ ಸಣ್ಣ ಟ್ರಾಲಿ ಖಾಲಿ ಇದ್ದಾಗಲೇ 3.1 ಕೆಜಿ. ಹೆಗಲಿಗೆ ಹಾಕುವ ಬಟ್ಟೆಯ ಬ್ಯಾಗ್ 900 ಗ್ರಾಂ. ಅಂದರೆ ಟ್ರಾಲಿ ಎಳೆದುಕೊಂಡು ಹೊರಟರೆ ನಿಮಗೆ ಸಿಕ್ಕ 7 ಕೆಜಿಯಲ್ಲಿ ಹತ್ತಿರ ಹತ್ತಿರ ಅರ್ಧ ಬರೀ ಪ್ಲಾಸ್ಟಿಕ್ಕು, ಹಿಡಿಕೆ, ಚಕ್ರ.

ಹೋದ ಸಲ ಮದುವೆಗೆಂದು ಮೂರು ದಿನ ದೆಹಲಿಗೆ ಹೋದಾಗ ನಾನು ಅಡುಗೆಮನೆ ತಕ್ಕಡಿಯಲ್ಲಿ ಒಂದೊಂದೇ ಇಟ್ಟು ತೂಗಿದೆ. ಪ್ಯಾಂಟ್ ಒಂದು, 400 ಗ್ರಾಂ. ಮೂರು ಅಂಗಿ, 750. ಒಳಬಟ್ಟೆ, ಕಾಲುಚೀಲ, 400. ಮದುವೆಗೆ ಪಂಚೆ-ಶಲ್ಯ, 500. ರಾತ್ರಿ ಉಡುಪು, 400. ಸೋಪು, ಬ್ರಶ್ಶು, ಔಷಧಿ ಸೇರಿದ ಚಿಕ್ಕ ಪೌಚು, 500. ತೆಳು ಟವೆಲ್ಲು, 150. ಚಾರ್ಜರ್ ಸಂಸಾರ, 350. ಚಪ್ಪಲಿ, 400. ಒಟ್ಟು 3.85 ಕೆಜಿ. ಬಟ್ಟೆ ಬ್ಯಾಗಿನಲ್ಲಿ ಹಾಕಿದರೆ 4.75. ಇನ್ನೂ ಎರಡು ಕೆಜಿಗೂ ಜಾಸ್ತಿ ಜಾಗ ಉಳಿಯಿತು. ಇದೇ ಸಾಮಾನು ಆ ಟ್ರಾಲಿಯಲ್ಲಿ ಹಾಕಿದ್ದರೆ 6.95! ಉಳಿಯುವುದು 50 ಗ್ರಾಂ. ಒಂದು ತಾಂಬೂಲದ ಚೀಲ ಕೊಟ್ಟರೂ ಮುಗೀತು ಕಥೆ.

ಆದ್ದರಿಂದ ಬೆನ್ನುನೋವು ಇಲ್ಲದವರು ಟ್ರಾಲಿ ಬಿಡಿ, ಹೆಗಲ ಬ್ಯಾಗ್ ಹಿಡಿಯಿರಿ. ಅಂಗಡಿಯವನು 'ಕ್ಯಾಬಿನ್ ಸೈಜ್ ಸಾರ್' ಅಂದದ್ದನ್ನು ನಂಬಬೇಡಿ, ಟೇಪು ಹಿಡಿದು ನೋಡಿ. ಉದ್ದ, ಅಗಲ, ದಪ್ಪ ಕೂಡಿಸಿದರೆ 115 ಸೆಂಟಿಮೀಟರ್ ದಾಟಬಾರದು. ಚಕ್ರವೂ ಹಿಡಿಕೆಯೂ ಆ ಅಳತೆಯೊಳಗೇ ಬರಬೇಕು. ಮೇಲೆ ಜಿಪ್ ಬಿಚ್ಚಿದರೆ ಉಬ್ಬುವ ಬ್ಯಾಗ್ ಬರುತ್ತದಲ್ಲ, ಅದನ್ನಂತೂ ಕೊಳ್ಳಲೇಬೇಡಿ. ಅದು ಉಬ್ಬದೆ ಇರಲ್ಲ.

ಹಂತ 3: ತುಂಬಿ, ತೂಗಿ, ತೀರ್ಮಾನಿಸಿ

ತೂಗುವುದಕ್ಕೆ ಕೊಕ್ಕೆಯ ಪುಟ್ಟ ಡಿಜಿಟಲ್ ತಕ್ಕಡಿ ಸಿಗುತ್ತದೆ. ದುಬಾರಿಯಲ್ಲ, ಒಂದು ಇಟ್ಟುಕೊಳ್ಳಿ. ಇಲ್ಲದಿದ್ದರೆ ಮನೆಯಲ್ಲಿ ದೇಹದ ತೂಕ ನೋಡುವ ಮಿಷನ್ ಇರುತ್ತದಲ್ವಾ, ಅದರ ಮೇಲೆ ಬ್ಯಾಗನ್ನು ಸುಮ್ನೆ ಇಡಬೇಡಿ. ಕಡಿಮೆ ತೂಕಕ್ಕೆ ಅದು ತಪ್ಪು ತೋರಿಸುವುದೇ ಹೆಚ್ಚು. ಬ್ಯಾಗ್ ಹೊತ್ತು ನೀವೇ ನಿಂತುಕೊಳ್ಳಿ, ಆಮೇಲೆ ಬರೀ ನೀವು ನಿಂತುಕೊಳ್ಳಿ, ಕಳೆಯಿರಿ.

ನನ್ನ ನಿಯಮ ಹೀಗಿದೆ. ಮನೆ ಬಿಡುವಾಗ 6 ಕೆಜಿ ಒಳಗಿದ್ದರೆ ಕೈಬ್ಯಾಗ್ ಒಂದೇ ಸಾಕು. 6ರಿಂದ 7ರ ನಡುವೆ ಇದ್ದರೆ ಏನಾದರೂ ತೆಗೆಯಿರಿ, ಸಾಮಾನ್ಯವಾಗಿ ಎರಡನೇ ಜೊತೆ ಶೂ. 7 ದಾಟಿದರೆ ಒದ್ದಾಡಬೇಡಿ, ನೆಮ್ಮದಿಯಾಗಿ ಚೆಕ್-ಇನ್ ಮಾಡಿ. 7.8 ಇದ್ದರೂ 'ಯಾರು ತೂಗ್ತಾರೆ ಬಿಡಿ' ಅನ್ನುವವರಿದ್ದಾರೆ. ತೂಗುತ್ತಾರೆ. ಬೋರ್ಡಿಂಗ್ ಗೇಟಿನಲ್ಲಿ ತೂಗಿದರೆ ಇನ್ನೂ ಅವಮಾನ.

ಎಲ್ಲರೂ ಕೇಳುವ ಅಡ್ಡದಾರಿ ಒಂದಿದೆ: ಭಾರದ್ದನ್ನೆಲ್ಲ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕುವುದು. ಲ್ಯಾಪ್‌ಟಾಪ್ ಬ್ಯಾಗ್ ಅಥವಾ ಹೆಂಗಸರ ಪರ್ಸ್ ಒಂದನ್ನು ಕೈಬ್ಯಾಗಿನ ಜೊತೆಗೆ ಬಿಡುತ್ತಾರೆ, ನಿಜ. ಇಂಡಿಗೋದಲ್ಲಿ ಅದಕ್ಕೂ 3 ಕೆಜಿ ಮಿತಿ ಇದೆ. ಲ್ಯಾಪ್‌ಟಾಪು, ಚಾರ್ಜರು, ಪುಸ್ತಕ ಇಟ್ಟರೆ ಅದು ತುಂಬಿಹೋಯಿತು. ಇಸ್ತ್ರಿಪೆಟ್ಟಿಗೆ ತುರುಕಿ ಪರ್ಸ್ ಅಂದರೆ ಯಾರೂ ಒಪ್ಪಲ್ಲ.

ಹಂತ 4: ಬ್ಯಾಗಿನ ಒಳಗೇನಿದೆ?

ತೂಕ ಸರಿಯಿದ್ದರೂ ಒಂದೊಂದು ಸಲ ಒಂದೇ ಒಂದು ವಸ್ತು ನಿಮ್ಮನ್ನು ಚೆಕ್-ಇನ್ ಕ್ಯೂಗೆ ಎಳೆಯುತ್ತದೆ. ಮೊದಲನೆಯದು ಉಪ್ಪಿನಕಾಯಿ. ಕ್ಯಾಬಿನ್‌ಗೆ ಬಿಡಲ್ಲ. ಭದ್ರತಾ ತಪಾಸಣೆಯಲ್ಲಿ ಅಮ್ಮ ಹಾಕಿದ ಮಿಡಿ ಉಪ್ಪಿನಕಾಯಿ ಕಸದ ಡಬ್ಬಕ್ಕೆ ಹೋಗುವುದನ್ನು ನೋಡುವ ಸಂಕಟ ಯಾರಿಗೂ ಬೇಡ. ಚಾಕು, ದೊಡ್ಡ ಕತ್ತರಿ, ಮಗಳ ಹೊಸ ಮನೆಗೆಂದು ಒಯ್ಯುವ ಈಳಿಗೆಮಣೆ, ತುರೆಮಣೆ, ಇವಕ್ಕೆಲ್ಲ ಚೆಕ್-ಇನ್ ಬಿಟ್ಟರೆ ಬೇರೆ ದಾರಿ ಇಲ್ಲ.

ಕೊಬ್ಬರಿ ಬಗ್ಗೆ ಪ್ರತ್ಯೇಕ ಹೇಳಬೇಕು. ಮದುವೆ ಶಾಸ್ತ್ರಕ್ಕೆಂದು ತಿಪಟೂರಿನ ಕೊಬ್ಬರಿ ಬಟ್ಟಲು ಡಜನ್‌ಗಟ್ಟಲೆ ಕಟ್ಟಿಕೊಂಡು ಹೊರಡುವವರಿದ್ದಾರೆ. ಎಣ್ಣೆ ಅಂಶ ಜಾಸ್ತಿ ಇರುವುದರಿಂದ ಒಣ ಕೊಬ್ಬರಿ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಬಟ್ಟಲು ಕೊಬ್ಬರಿಯನ್ನು ಕೈಬ್ಯಾಗಿಗೂ ಹಾಕಬೇಡಿ, ಸೂಟ್‌ಕೇಸಿಗೂ ಹಾಕಬೇಡಿ. ಹೋದ ಊರಿನಲ್ಲೇ ಕೊಳ್ಳಿ. ಇಡೀ ತೆಂಗಿನಕಾಯಿಯನ್ನೂ ಕ್ಯಾಬಿನ್‌ಗೆ ಬಿಡಲ್ಲ. ಇರುಮುಡಿ ಹೊತ್ತ ಅಯ್ಯಪ್ಪ ಭಕ್ತರಿಗೆ ಮಾತ್ರ ಅದನ್ನು ಕ್ಯಾಬಿನ್‌ನಲ್ಲಿ ಒಯ್ಯಲು 2025ರ ಜನವರಿ 20ರವರೆಗೆ ಬಿಟ್ಟಿದ್ದರು. ಅದು ಶಬರಿಮಲೆ ಕಾಲದ ರಿಯಾಯಿತಿ. ಉಳಿದ ದಿನ ಅದನ್ನು ನೆನಪಿಸಿ ವಾದ ಮಾಡಿದರೆ ವಿಮಾನ ತಪ್ಪುತ್ತದೆ.

ಇನ್ನು ಉಲ್ಟಾ ಪಟ್ಟಿ: ಚೆಕ್-ಇನ್‌ಗೆ ಹೋಗಲೇಬಾರದ್ದು. ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು. ಮಿತಿ 100 ವ್ಯಾಟ್-ಅವರ್ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ). 20,000 ಎಂಎಎಚ್ ಅಂದರೆ ಸುಮಾರು 74 ವ್ಯಾಟ್-ಅವರ್, ಚಿಂತೆಯಿಲ್ಲ. ಫುಟ್‌ಪಾತಿನಲ್ಲಿ ಸಿಗುವ, ಮೇಲೆ ಏನೂ ಬರೆದಿಲ್ಲದ ಪವರ್ ಬ್ಯಾಂಕನ್ನು ಮನೆಯಲ್ಲೇ ಬಿಡಿ. ಅಂಕಿ ಇಲ್ಲದಿದ್ದರೆ ತಪಾಸಣೆಯವರು ತೆಗೆದಿಡುತ್ತಾರೆ. ಸೂಟ್‌ಕೇಸಿನಲ್ಲಿ ಪವರ್ ಬ್ಯಾಂಕ್ ಮರೆತರೆ ಎಕ್ಸ್‌ರೇಯಲ್ಲಿ ಸಿಕ್ಕಿಬಿದ್ದು ನಿಮ್ಮ ಹೆಸರು ಕೂಗುತ್ತಾರೆ. ಆಗ ನೀವು ಗೇಟಿನ ಹತ್ತಿರ ಕಾಫಿ ಕುಡಿಯುತ್ತಿರುತ್ತೀರಿ. ಒಡವೆ, ದುಡ್ಡು, ಮನೆ ಬೀಗದ ಕೈ, ದಿನದ ಮಾತ್ರೆ ಕೂಡ ಕೈಯಲ್ಲೇ. ಲೈಟರ್, ಬೆಂಕಿಪೊಟ್ಟಣ ಎರಡರಲ್ಲೂ ಬೇಡ.

ಹಂತ 5: ವಾಪಸ್ ಬರುವ ದಿನ ನೆನೆಸಿಕೊಳ್ಳಿ

ಹೋಗುವಾಗ 5 ಕೆಜಿ, ಬರುವಾಗ 9. ಇದು ಎಲ್ಲರ ಮನೆಯ ಕಥೆ. ಉಡುಗೊರೆ ಸೀರೆ, ಸ್ವೀಟ್ ಬಾಕ್ಸು, 'ಮಕ್ಕಳಿಗೆ ತಗೊಂಡು ಹೋಗಿ' ಅಂತ ಕೊನೆ ಕ್ಷಣದಲ್ಲಿ ಬರುವ ಚೀಲ. ಹೋಗುವಾಗ ಕೈಬ್ಯಾಗ್ ಅಂದ ಮಾತ್ರಕ್ಕೆ ಬರುವಾಗಲೂ ಹಾಗೇ ಇರಬೇಕಿಲ್ಲ. ಮಡಚಿದರೆ ಅಂಗೈಯಗಲ ಆಗುವ ತೆಳು ನೈಲಾನ್ ಬ್ಯಾಗ್ ಒಂದನ್ನು ತಳದಲ್ಲಿ ಇಟ್ಟಿರಿ. ಬರುವಾಗ ಬಟ್ಟೆಯನ್ನೆಲ್ಲ ಅದಕ್ಕೆ ಹಾಕಿ ಚೆಕ್-ಇನ್ ಮಾಡಿ.

ಹಂತ 6: ಸಮಯದ ಲೆಕ್ಕ

ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವುದಕ್ಕೆ 60 ನಿಮಿಷ ಮುಂಚೆ ಮುಚ್ಚುತ್ತದೆ. ಗೇಟು ಮುಚ್ಚುವುದು 25 ನಿಮಿಷ ಮುಂಚೆ. ಕೈಬ್ಯಾಗಿನವರು ಮನೆಯಲ್ಲೇ ವೆಬ್ ಚೆಕ್-ಇನ್ ಮಾಡಿಕೊಂಡು ನೇರ ತಪಾಸಣೆಗೆ ಹೋಗಬಹುದು. ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ದಿನ ಈ ಅರ್ಧ ಗಂಟೆಯ ಬೆಲೆ ಗೊತ್ತಾಗುತ್ತದೆ.

ಮೈಸೂರಿನಂಥ ಚಿಕ್ಕ ರನ್‌ವೇಗೆ ಬರುವುದು ಎಟಿಆರ್ ಅನ್ನುವ ಸಣ್ಣ ವಿಮಾನ. ತಲೆಮೇಲಿನ ಗೂಡು ಚಿಕ್ಕದು. ಗಟ್ಟಿ ಟ್ರಾಲಿ ಅದರೊಳಗೆ ಹಿಡಿಸದೆ, ಮೆಟ್ಟಿಲ ಹತ್ತಿರವೇ ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ಒಡವೆ, ಔಷಧಿ ಒಳಗಿದ್ದರೆ ಆಗ ಗಾಬರಿ. ಮೆತ್ತನೆ ಬ್ಯಾಗಾದರೆ ಸೀಟಿನ ಕೆಳಗಾದರೂ ತಳ್ಳಬಹುದು.

ಹಂತ 7: ಚೆಕ್-ಇನ್ ಅಂತ ತೀರ್ಮಾನವಾದರೆ

ಹಳೇ ಟ್ಯಾಗು ಕಿತ್ತುಹಾಕಿ, ಬ್ಯಾಗಿನ ಫೋಟೋ ತೆಗೆಯಿರಿ, ಒಳಗೊಂದು ಚೀಟಿಯಲ್ಲಿ ಹೆಸರು, ಫೋನ್ ನಂಬರ್ ಬರೆದಿಡಿ. ಕಪ್ಪು ಬ್ಯಾಗಾದರೆ ಹಿಡಿಕೆಗೆ ಬಣ್ಣದ ಬಟ್ಟೆ ಕಟ್ಟಿ. ಅಷ್ಟೇ.

ಉಪ್ಪಿನಕಾಯಿ ಕಟ್ಟುವುದು ಮಾತ್ರ ಕಲೆ. ಸ್ಟೀಲ್ ಡಬ್ಬ ಬೇಡವೇ ಬೇಡ. ವಿಮಾನ ಮೇಲೇರಿದಂತೆ ಒಳಗಿನ ಒತ್ತಡ ಇಳಿಯುತ್ತದೆ, ಡಬ್ಬದಲ್ಲಿದ್ದ ಗಾಳಿ ಉಬ್ಬಿ ಮುಚ್ಚಳದ ಸಂದಿಯಿಂದ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ. ತಿರುಪು ಮುಚ್ಚಳದ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಅದರ ಮೇಲೆ ಮುಚ್ಚಳ ತಿರುಗಿಸಿ. ಸುತ್ತ ಟೇಪು. ಅದನ್ನು ಜಿಪ್ ಕವರಿಗೆ ಹಾಕಿ, ಗಾಳಿ ತೆಗೆದು, ಇನ್ನೊಂದು ಜಿಪ್ ಕವರಿಗೆ ಹಾಕಿ. ಎರಡು ಪದರ ಪೇಪರ್ ಸುತ್ತಿ ಬ್ಯಾಗಿನ ನಟ್ಟನಡುವೆ, ಹಳೇ ಬಟ್ಟೆಗಳ ಮಧ್ಯೆ ನಿಲ್ಲಿಸಿ. ರೇಷ್ಮೆ ಸೀರೆ ಇರುವ ಬ್ಯಾಗಿನಲ್ಲಂತೂ ಇಡಲೇಬೇಡಿ. ನಮ್ಮ ಮನೆಯ ಒಂದು ಮೈಸೂರು ಸಿಲ್ಕ್‌ಗೆ ಈಗಲೂ ಮೆಂತ್ಯದ ವಾಸನೆ ಇದೆ.

ವಿದೇಶಕ್ಕಾದರೆ

ಕೈಬ್ಯಾಗ್ ಸಾಕಾ ಅನ್ನುವ ಪ್ರಶ್ನೆಯೇ ಬರಲ್ಲ, ಅಪ್ಪ-ಅಮ್ಮ ಅಮೆರಿಕಕ್ಕೆ ಹೊರಟಿದ್ದರೆ! ಅಲ್ಲಿನ ಟಿಕೆಟ್‌ನಲ್ಲಿ ಚೆಕ್-ಇನ್ ಬ್ಯಾಗಿಗೆ ಸಾಮಾನ್ಯವಾಗಿ 23 ಕೆಜಿ ಮಿತಿ, ಒಂದು ಬ್ಯಾಗೋ ಎರಡೋ ಅನ್ನುವುದನ್ನು ಟಿಕೆಟ್ ನೋಡಿ ಖಚಿತ ಮಾಡಿಕೊಳ್ಳಿ. ಎರಡಿದ್ದರೆ ಒಂದು 25, ಇನ್ನೊಂದು 21 ಅಂತ ಹೊಂದಿಸಿದರೆ ನಡೆಯಲ್ಲ. ಪ್ರತಿ ಬ್ಯಾಗೂ 23 ಒಳಗಿರಬೇಕು. ಸಾರಿನಪುಡಿ, ಚಟ್ನಿಪುಡಿ ದೊಡ್ಡ ಪೊಟ್ಟಣಗಳು ಚೆಕ್-ಇನ್‌ನಲ್ಲೇ ಇರಲಿ, 350 ಮಿಲಿಲೀಟರ್‌ಗಿಂತ ಜಾಸ್ತಿ ಪುಡಿ ಕ್ಯಾಬಿನ್‌ನಲ್ಲಿದ್ದರೆ ಅಮೆರಿಕದ ದಾರಿಯಲ್ಲಿ ಹೆಚ್ಚಿನ ತಪಾಸಣೆ. ದ್ರವವಾದರೆ 100 ಮಿಲಿಲೀಟರ್‌ನ ಬಾಟಲಿಗಳು ಮಾತ್ರ. ಹಸಿ ಕರಿಬೇವು ಅಮೆರಿಕಕ್ಕೆ ಯಾವ ಬ್ಯಾಗಿನಲ್ಲೂ ಬೇಡ. ದುಬೈಗೆ ಹೋಗುವವರು ಗಸಗಸೆಯ ಒಂದು ಕಾಳೂ ಒಯ್ಯಬೇಡಿ. ನಮಗೆ ಅದು ಪಾಯಸ, ಅಲ್ಲಿ ಅದು ಮಾದಕ ವಸ್ತು. ಜೈಲಿನ ಮಾತು, ತಮಾಷೆಯಲ್ಲ.

ಕೊನೆಯ ಹಂತ: ಬೆಲ್ಟಿನ ಮುಂದೆ

ಇಂಜಿನ್ ಆರಿಸಿದ 30 ನಿಮಿಷದೊಳಗೆ ಕೊನೆಯ ಬ್ಯಾಗೂ ಬೆಲ್ಟಿಗೆ ಬರಬೇಕು ಅಂತ 2024ರಲ್ಲಿ ವಿಮಾನ ಕಂಪನಿಗಳಿಗೆ ಸೂಚನೆ ಹೋಗಿದೆ. ಬಂತೋ, ಟ್ಯಾಗ್ ನಂಬರ್ ನೋಡಿ ಎತ್ತಿಕೊಳ್ಳಿ.

ಬರಲಿಲ್ಲವೋ, ಆಗ ನಾನು ಮಾಡಿದ ತಪ್ಪು ಮಾಡಬೇಡಿ. ಒಂದು ಸಲ ನನ್ನ ಬ್ಯಾಗ್ ಬರಲಿಲ್ಲ. 'ನಾಳೆ ಮನೆಗೆ ಕಳಿಸ್ತೀವಿ ಸಾರ್, ನೀವು ಹೊರಡಿ' ಅಂದರು. ಹೊರಟೆ. ಬಾಗಿಲು ದಾಟಿದ ಮೇಲೆ ಒಳಗೆ ಬಿಡಲಿಲ್ಲ. ನಾಲ್ಕು ದಿನ ಫೋನ್ ಮಾಡಿದೆ, ಪ್ರತಿ ಸಲವೂ ದೂರಿನ ನಂಬರ್ ಕೇಳಿದರು. ನನ್ನ ಹತ್ತಿರ ನಂಬರೇ ಇರಲಿಲ್ಲ.

ಹಾಗಾಗಿ ಬೆಲ್ಟ್ ಇರುವ ಹಾಲಿನಿಂದ ಹೊರಗೆ ಕಾಲಿಡುವ ಮೊದಲೇ ವಿಮಾನ ಕಂಪನಿಯ ಮೇಜಿಗೆ ಹೋಗಿ. ಪಿಐಆರ್ ಅನ್ನುವ ಫಾರಂ ಬರೆಸಿ, ಬ್ಯಾಗ್ ಬರಲಿಲ್ಲ ಅನ್ನುವ ದೂರು ದಾಖಲಾಗುವುದು ಅದರಲ್ಲೇ. ಬೋರ್ಡಿಂಗ್ ಪಾಸಿಗೆ ಅಂಟಿಸಿದ ಟ್ಯಾಗಿನ ತುಂಡು ಆಗ ಬೇಕಾಗುತ್ತದೆ, ಅದನ್ನು ವಿಮಾನದಲ್ಲೇ ಬಿಟ್ಟು ಬರಬೇಡಿ. ಚಕ್ರ ಮುರಿದಿದ್ದರೆ, ಚಿಪ್ಪು ಒಡೆದಿದ್ದರೆ ಅಲ್ಲೇ ಬರೆಸಿ. ಮನೆಗೆ ಬಂದ ಮೇಲೆ ಗೊತ್ತಾದರೆ 7 ದಿನದೊಳಗೆ ಲಿಖಿತ ದೂರು ಕೊಡಿ. ದೇಶದೊಳಗಿನ ಪ್ರಯಾಣದಲ್ಲಿ ಪರಿಹಾರದ ಮೇಲ್ಮಿತಿ ಒಬ್ಬರಿಗೆ 20,000 ರೂಪಾಯಿ. ಒಡವೆ ಕೈಯಲ್ಲೇ ಇರಲಿ ಅಂದದ್ದು ಅದಕ್ಕೇ. ಫಾರಂ ಮೇಲಿನ ನಂಬರಿನ ಫೋಟೋ ತೆಗೆದುಕೊಳ್ಳಿ, ಮನೆಯವರಿಗೂ ಒಂದು ಕಳಿಸಿ, ಆಮೇಲೆ ವಾಯುವಜ್ರ ಬಸ್ ಹತ್ತಿ.