ಜೋಕುಮಾರ ಸಾಯುವ ಅಧ್ಯಾಯದಲ್ಲಿ ಓದುಗರನ್ನು ನಿಲ್ಲಿಸಿದೆ

ನಾನು ಬರೆಯುತ್ತಿರುವ ಕಾದಂಬರಿ ಇನ್ನೂ ಮುಗಿದಿಲ್ಲ. ಅರ್ಧ ಆಗಿದೆ. ಆ ಅರ್ಧವನ್ನೇ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ, ಕೊಪ್ಪಳ, ಗಂಗಾವತಿ, ರಾಯಚೂರು, ಬಳ್ಳಾರಿ ಕಡೆಯ ಹತ್ತು ಹನ್ನೆರಡು ಜನರಿಗೆ ಕೊಟ್ಟೆ. ಬೇಕಂತಲೇ ಅರ್ಧ ಕೊಟ್ಟೆ. ಪೂರ್ತಿ ಓದಿದವರು ಕೊನೆಯ ಪುಟದ ಗುಂಗಿನಲ್ಲೇ ಮಾತಾಡುತ್ತಾರೆ. ಕೊನೆ ಹಿಡಿಸಿದರೆ ನಡುವೆ ಬೇಸರವಾಗಿದ್ದು ಮರೆತೇ ಹೋಗಿರುತ್ತದೆ. ಹಿಡಿಸದಿದ್ದರೆ ಚೆನ್ನಾಗಿದ್ದದ್ದೂ ನೆನಪಿಗೆ ಬರುವುದಿಲ್ಲ. ಎಲ್ಲಿ ಅಳುಕಿದೆವು, ಎಲ್ಲಿ ಓದೋದು ಬಿಟ್ಟು ಎದ್ದು ಹೋದೆವು ಅನ್ನೋದು ನಡುವೆ ನಿಂತವರಿಗೇ ಚೆನ್ನಾಗಿ ಗೊತ್ತು.

ಕತೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಭಾದ್ರಪದದಲ್ಲಿ ಗಣಪತಿ ಕೂತ ನಾಲ್ಕು ದಿನಕ್ಕೆ ಜೋಕುಮಾರ ಹುಟ್ಟುತ್ತಾನೆ. ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವವನು. ಏಳು ದಿನದ ಆಯುಷ್ಯ. ಅಂಬಿಗರ ಹೆಣ್ಣುಮಕ್ಕಳು ಅವನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂರಿಸಿ, ಹೊತ್ತುಕೊಂಡು ಮನೆಮನೆಗೆ ಬಂದು ಪದ ಹಾಡುತ್ತಾರೆ. ಅಗಲ ಕಣ್ಣು, ದೊಡ್ಡ ಬಾಯಿ, ತುಟಿಗೆ ಬೆಣ್ಣೆ. ಮನೆಯವರು ಮೊರದಲ್ಲಿ ಜೋಳ ತಂದು ನೀಡುತ್ತಾರೆ. ಗಣಪ ಕಡುಬು ತಿಂದು ಹೋಗಿ ಶಿವನ ಮುಂದೆ ಎಲ್ಲರೂ ಸುಖವಾಗಿದ್ದಾರೆ ಅನ್ನುತ್ತಾನಂತೆ. ಹೊಲ ಒಣಗಿದ್ದನ್ನು ನೋಡಿ, ಜನರ ಕಷ್ಟ ಹೇಳಿ, ಮಳೆ ತರಿಸುವವನು ಜೋಕುಮಾರ. ಆದರೆ ಅವನು ಪುಂಡ. ಕಂಡ ಹೆಣ್ಣಿನ ಬೆನ್ನು ಬೀಳುವವನು. ಕೊನೆಗೆ ಹೊಳೆದಂಡೆಯಲ್ಲಿ ಅಗಸರ ಕೈಯಲ್ಲಿ ಸಾಯುತ್ತಾನೆ. ಊರಿಂದ ಊರಿಗೆ ಕತೆ ಅಷ್ಟಿಷ್ಟು ಬದಲಾಗುತ್ತದೆ. ಸಾವು ಮಾತ್ರ ಎಲ್ಲ ಕಡೆ ಇದೆ.

ನನ್ನ ಕಾದಂಬರಿಯಲ್ಲಿ ಅವನು ಮೂರ್ತಿಯಲ್ಲ. ವರ್ಷವರ್ಷ ನಿಜವಾಗಿಯೂ ಹುಟ್ಟುತ್ತಾನೆ. ಏಳು ದಿನದಲ್ಲಿ ಕೂಸಿನಿಂದ ಗಂಡಸಾಗುತ್ತಾನೆ. ಅವನು ಹುಟ್ಟುವ ಜಾಗಕ್ಕೆ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ತೆಗೆದುಕೊಂಡೆ. ಮೋರೇರ ಗುಡ್ಡ ಅನ್ನುತ್ತಾರಲ್ಲ, ಅದೇ. ಬಂಡೆಯ ಚಪ್ಪಡಿ ನಿಲ್ಲಿಸಿ ಕಟ್ಟಿದ ಸುಮಾರು 400 ಶಿಲಾ ಸಮಾಧಿಗಳು ಅಲ್ಲಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ಕೆಲವುದರ ಚಪ್ಪಡಿಗೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಮೇಲೆ ದೊಡ್ಡ ಬಂಡೆಯೊಂದರ ನೆತ್ತಿಯಲ್ಲಿ ನಗಾರಿ ಕಲ್ಲು ಕೂತಿದೆ, ಬಡಿದರೆ ದೂರದವರೆಗೆ ಸದ್ದು ಕೇಳುತ್ತದೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಈ ಗುಡ್ಡದ ಹೆಸರು ಸೇರಿದೆ. ನನ್ನ ಕತೆಯಲ್ಲಿ ಆ ಕಲ್ಲು ತಾನಾಗೇ ಬಡಿದ ರಾತ್ರಿ, ಒಂದು ಕಿಂಡಿಯಿಂದ ಕೂಸಿನ ಕೈ ಹೊರಗೆ ಬರುತ್ತದೆ. ಹೊನ್ನವ್ವ ಅನ್ನೋ ಹುಡುಗಿ ಆ ಕೂಸನ್ನು ಬುಟ್ಟಿಯಲ್ಲಿ ಹೊತ್ತು ಊರಿಗೆ ತರುತ್ತಾಳೆ. ಏಳನೇ ದಿನ ಅವನನ್ನು ಕೊಲ್ಲುತ್ತಾರೆ ಅಂತ ಅವಳಿಗೆ ಗೊತ್ತಿದೆ. ಕೊಲ್ಲದಿದ್ದರೆ ಮಳೆ ಇಲ್ಲ ಅಂತಲೂ ಗೊತ್ತಿದೆ. ಕೊಲೆ ನಡೆದು, ಮರುದಿನ ಬೆಳಗಾಗಿ, ಊರಿನವರು ಬಿತ್ತನೆ ಮಾತಾಡುತ್ತಾ ಹೊಲಕ್ಕೆ ಹೋಗುವ ಅಧ್ಯಾಯದೊಂದಿಗೆ ಅರ್ಧ ಮುಗಿಯುತ್ತದೆ. ಅಲ್ಲಿಗೆ ನಿಲ್ಲಿಸಿ ಕೊಟ್ಟೆ.

ಕೊಡುವಾಗ ಎಲ್ಲರ ಕೈಗೂ ಒಂದೊಂದು ಪೆನ್ಸಿಲ್ ಕೊಟ್ಟೆ. ಹೇಳಿದ್ದು ಇಷ್ಟೇ: ಹೆಂಗಿದೆ ಅಂತ ನನಗೆ ಹೇಳಬೇಡಿ. ಓದೋದು ನಿಲ್ಲಿಸಿದ ಕಡೆ ಒಂದು ಗೆರೆ ಎಳೆಯಿರಿ. ಅನ್ನ ಉಣ್ಣೋಕೆ ಎದ್ದಿರೋ, ಹೆದರಿ ಇಟ್ಟಿರೋ, ನಿದ್ದೆ ಬಂತೋ, ಪಕ್ಕದಲ್ಲಿ ಒಂದೇ ಮಾತು ಬರೆಯಿರಿ. "ಹೆಂಗಿದೆ" ಅಂದರೆ ಪರಿಚಯದವರು "ಭಾಳ ಛಲೋ ಐತ್ರಿ" ಅನ್ನುತ್ತಾರೆ. ಅದು ಪ್ರೀತಿಯ ಮಾತು. ಕಾದಂಬರಿಗೆ ಅದರಿಂದ ಏನೂ ಆಗುವುದಿಲ್ಲ. ಗೆರೆಗೆ ಮುಲಾಜಿಲ್ಲ.

ಪ್ರತಿಗಳು ವಾಪಸ್ ಬರುವ ಮೊದಲೇ ಮಾತು ಬಂದವು. ಬಳ್ಳಾರಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿ ರಾತ್ರಿ ಫೋನ್ ಮಾಡಿ, "ಇಷ್ಟು ಕತ್ತಲೆ ಯಾಕೆ? ನನಗೆ ಆಗಲ್ಲ ಕಣೆ" ಅಂದಳು. ರಾಯಚೂರಿನ ಇಂಜಿನಿಯರಿಂಗ್ ಹುಡುಗ ಅದೇ ಅಧ್ಯಾಯವನ್ನು ಒಂದೇ ಉಸಿರಿಗೆ ಓದಿ, "ಅಕ್ಕಾ, ಇನ್ನೂ ಜಾಸ್ತಿ ಭಯ ಇರಬೇಕಿತ್ತು" ಅಂತ ಮೆಸೇಜ್ ಹಾಕಿದ. ಅವನಿಗೆ ಇಂಗ್ಲಿಷ್ ಫ್ಯಾಂಟಸಿ ಓದಿ ಅಭ್ಯಾಸ. ಜೋಕುಮಾರನ ಶಕ್ತಿಗೆ ನಿಯಮ ಏನು, ಮಿತಿ ಏನು, ಮಳೆಗೂ ಸಾವಿಗೂ ಲೆಕ್ಕ ಹೆಂಗೆ ಕೂಡುತ್ತದೆ ಅಂತ ಉದ್ದದ ಪ್ರಶ್ನೆ ಕಳಿಸಿದ. ನಿವೃತ್ತ ಮಾಸ್ತರರೊಬ್ಬರು, ಮೋರೇರ ಕಲ್ಲಿನ ಮನೆಗೂ, ಅಂದರೆ ಗುಡ್ಡದ ಆ ಸಮಾಧಿಗಳಿಗೂ, ಜೋಕುಮಾರನಿಗೂ ಎಲ್ಲಿಂದೆಲ್ಲಿಯ ಸಂಬಂಧ, ಎರಡು ಕಾಲವನ್ನು ಒಂದೇ ಬುಟ್ಟಿಗೆ ಹಾಕಬಾರದು ಅಂದರು. ಪರಿಚಯದ ಇನ್ನೊಬ್ಬರು, ದೇವರನ್ನು ಹೀಗೆ ಬರೆಯಬಾರದು, ಅವನಿಗೆ ಹೆದರಿಕೆ ಆಯಿತು ಅಂತ ಯಾಕೆ ಬರೆದೆ ಅಂತ ಬೇಜಾರು ಮಾಡಿಕೊಂಡು ಅಲ್ಲಿಗೇ ಓದು ನಿಲ್ಲಿಸಿದರು. ಅದೇ ಸಾಲನ್ನು ಕೊಪ್ಪಳದ ಕಾಲೇಜು ಹುಡುಗಿ ಎರಡು ಸಲ ಅಡಿಗೆರೆ ಹಾಕಿ, "ಇಲ್ಲಿ ಅಳು ಬಂತು" ಅಂತ ಬರೆದಿದ್ದಳು.

ಇವರಲ್ಲಿ ಯಾರ ಮಾತು ಕೇಳಬೇಕು? ನಾನು ಯಾರದ್ದೂ ಕೇಳಲಿಲ್ಲ, ಯಾರ ಹತ್ತಿರವೂ ವಾದ ಮಾಡಲಿಲ್ಲ. ಒಬ್ಬರಿಗೆ ಕತ್ತಲೆ ಜಾಸ್ತಿ, ಇನ್ನೊಬ್ಬರಿಗೆ ಕಮ್ಮಿ ಅಂದರೆ ಎರಡನ್ನೂ ಕೂಡಿ ಅರ್ಧ ಮಾಡೋಕೆ ಬರುವುದಿಲ್ಲ ಅಲ್ವಾ? ಎಲ್ಲ ಪ್ರತಿಗಳು ವಾಪಸ್ ಬರುವವರೆಗೂ ಕಾದೆ. ಬಂದ ಮೇಲೆ ಪಡಸಾಲೆಯಲ್ಲಿ ಜಮಖಾನ ಹಾಸಿ, ಎಲ್ಲವನ್ನೂ ಒಂದೇ ಪುಟಕ್ಕೆ ತೆರೆದು ಸಾಲಾಗಿ ಇಟ್ಟೆ. ಒಂದು ಪುಟ ಮುಗಿದ ಮೇಲೆ ಎಲ್ಲದರಲ್ಲೂ ಮುಂದಿನ ಪುಟ. ಇದಕ್ಕೆ ಭಾನುವಾರವೇ ಬೇಕು, ಬೇರೆ ದಿನ ರೈಸ್ ಮಿಲ್ಲಿನ ಲೆಕ್ಕ ಬರೆಯೋದರಲ್ಲೇ ಹೊತ್ತು ಹೋಗುತ್ತದೆ.

ಹಾಗೆ ಸಾಲಾಗಿ ಇಟ್ಟಾಗ ಕಂಡದ್ದು ಬೇರೆಯೇ. ದೇವರು ಹೆದರಿದ ಸಾಲಿಗೆ ಬೇಜಾರಾದ ಒಬ್ಬರನ್ನು ಬಿಟ್ಟರೆ, ಕೊಲೆ ನಡೆಯುವ ಪುಟದಲ್ಲಿ ಯಾರೂ ನಿಲ್ಲಿಸಿಲ್ಲ. ಕತ್ತಲೆ ಜಾಸ್ತಿ ಅಂದ ಬಳ್ಳಾರಿ ಗೆಳತಿಯೂ ನಿಲ್ಲಿಸಿಲ್ಲ. ಅವಳ ಗೆರೆ ಇದ್ದದ್ದು ಮರುದಿನ ಬೆಳಗಿನಲ್ಲಿ. ಊರಿನ ಗಂಡಸರು ಬೀಜದ ಮಾತಾಡುತ್ತಾ ನಡೆಯುವ ಸಾಲಿನ ಕೆಳಗೆ "ಸಾಕು" ಅಂತ ಬರೆದಿದ್ದಳು. ಇನ್ನೂ ಭಯ ಬೇಕು ಅಂದ ಹುಡುಗನ ಗೆರೆಯೂ ಅದೇ ಪುಟದಲ್ಲಿ, ಪಕ್ಕದಲ್ಲಿ "ಬೋರ್". ಮಾಸ್ತರರು ಅದೇ ಪುಟದಲ್ಲಿ ಎದ್ದು ಚಹಾ ಕುಡಿದು ಬಂದಿದ್ದರು, ಹಾಗಂತ ಬರೆದೂ ಇದ್ದರು. ಬಾಯಲ್ಲಿ ಒಬ್ಬರಿಗೊಬ್ಬರು ಪೂರ್ತಿ ಉಲ್ಟಾ ಹೇಳಿದವರು, ಪೆನ್ಸಿಲ್ ಹಿಡಿದಾಗ ಒಂದೇ ಜಾಗ ತೋರಿಸಿದ್ದರು. ನನಗೆ ಮೈ ಜುಮ್ಮೆಂದಿತು.

ಆ ಬೆಳಗನ್ನು ನಾನು ಯೋಚಿಸಿಯೇ ಬರಿದು ಬಿಟ್ಟಿದ್ದೆ. ಊರು ಎಷ್ಟು ಬೇಗ ಮರೆಯುತ್ತದೆ ಅಂತ ಓದುಗರಿಗೆ ಚುರುಕ್ ಅನ್ನಬೇಕಿತ್ತು. ಅನ್ನಿಸಿತ್ತು ಕೂಡ. ಆದರೆ ಚುರುಕ್ ಅಂದ ಮೇಲೆ ಅವರು ಮುಂದೆ ಬರುತ್ತಿರಲಿಲ್ಲ. ಯಾಕೆ ಅನ್ನೋದನ್ನು ತೋರಿಸಿದವರು ಇಬ್ಬರು ಹೆಂಗಸರು.

ಒಬ್ಬರು ನಮ್ಮ ದೊಡ್ಡವ್ವ. ಕುಷ್ಟಗಿ ಕಡೆಯ ಹಳ್ಳಿಯಲ್ಲಿದ್ದಾರೆ. ಅವರಿಗೆ ಓದು ಬರುವುದಿಲ್ಲ, ಹಾಗಾಗಿ ನಾನೇ ಕೂತು ಓದಿ ಹೇಳಿದೆ. ಅವರು ಶೇಂಗಾ ಸುಲಿಯುತ್ತಾ ಕೇಳಿದರು. ಕೊಲೆಯ ಪುಟ ಬಂದಾಗ ನಾನು ಅವರ ಮುಖ ನೋಡುತ್ತಿದ್ದೆ. ಕೈ ನಿಲ್ಲಲಿಲ್ಲ. ಸುಲಿದ ಬೀಜ ಮೊರಕ್ಕೆ, ಸಿಪ್ಪೆ ನೆಲಕ್ಕೆ, ಅದೇ ಲಯ. ಬೆಳಗಿನ ಪುಟಕ್ಕೆ ಬಂದಾಗ ಕೈ ನಿಂತಿತು.

"ಯವ್ವಾ, ಚರಗ ಚೆಲ್ಲಲಿಲ್ಲೇನು ಅವ್ರು?"

"ಏನು ದೊಡ್ಡವ್ವ?"

"ಜೋಕಪ್ಪನ ಅಂಬಲಿ ಹೊಲಕ್ಕ ಚೆಲ್ಲಬೇಕಲ್ಲ. ಹಂಗ ಬಿತ್ತಾಕ ಹೋದ್ರ ಆ ಹುಡುಗ ಯಾಕ ಸತ್ತಾ?"

ಜೋಕುಮಾರನನ್ನು ಹೊತ್ತು ಬಂದವರು ಜೋಳಕ್ಕೆ ಬದಲಾಗಿ ಅಂಬಲಿಯನ್ನೋ ಬೇವಿನ ಸೊಪ್ಪನ್ನೋ ಕೊಡುವ, ಅದನ್ನು ಹೊಲಕ್ಕೆ ಒಯ್ದು ಚರಗ ಚೆಲ್ಲುವ, ಅಂದರೆ ಭೂಮಿಗೆ ಎಡೆಯಾಗಿ ಎರಚುವ ಪದ್ಧತಿ ಅವರ ಊರಲ್ಲಿದೆ. ಸಾವು ಅವರಿಗೆ ಹೊಸದಲ್ಲ. ಚಿಕ್ಕಂದಿನಿಂದ ವರ್ಷಕ್ಕೊಮ್ಮೆ ಅವನು ಸತ್ತಿದ್ದಾನೆ. ಸತ್ತ ಮೇಲೆ ಮಾಡಬೇಕಾದ್ದನ್ನು ಊರು ಮಾಡಲಿಲ್ಲ ಅನ್ನೋದೇ ಅವರಿಗೆ ದೊಡ್ಡ ಕೇಡು.

ಇನ್ನೊಬ್ಬರು ಗಂಗಾವತಿಯಲ್ಲಿ ಅಂಗನವಾಡಿ ಟೀಚರು. ಮಡಿವಾಳರ ಮನೆಯವರು. ಅವರಿಗೆ ಕೊಡುವಾಗ ನನಗೆ ಒಳಗೊಳಗೇ ಅಳುಕಿತ್ತು, ಯಾಕೆಂದರೆ ಕತೆಯಲ್ಲಿ ಕೊಲ್ಲುವ ಕೈ ಅವರ ಮಂದಿಯದು. ಅವರು ಪ್ರತಿಯನ್ನು ಪೂರ್ತಿ ಓದಿ, ಪುಟ ತಿರುಗಿಸಿ, ಹೊಳೆದಂಡೆಯ ಸಾಲಿನ ಮೇಲೆ ಬೆರಳಿಟ್ಟರು.

"ಅಕ್ಕಾ, ನಮ್ಮೋರು ಕೊಂದ್ರು ಅಂತ ಬರ್ದೀರಿ, ಬರೀರಿ. ಹಾಡಿನಾಗೂ ಹಂಗೇ ಐತಿ. ಆದ್ರ ಆಮ್ಯಾಲ ನಮ್ಮೋರು ಹೊಳಿಗಿ ಹೋಗಾಂಗಿಲ್ಲ. ಅವ ಅಳೋದು ಕೇಳತೈತಿ ಅಂತಾರ. ನಮ್ಮಜ್ಜಿ ಅರಿವಿ ಗಂಟು ಕಟ್ಟಿ ಮೂಲ್ಯಾಗ ಇಡತಿದ್ಲು. ಅದನ್ನ ಯಾಕ ಬರೀಲಿಲ್ಲ?"

ಇವರ ಮಾತಿನಲ್ಲಿ ಸಿಟ್ಟಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಕೊಂದವರೇ ಅವನಿಗಾಗಿ ಕೆಲಸ ನಿಲ್ಲಿಸಿ ಕೂರುತ್ತಾರೆ. ಹಾಡು ಕಟ್ಟಿದ ಜನ ಸಾವನ್ನು ತೆಳು ಮಾಡಲಿಲ್ಲ, ಸತ್ತವನಿಗೆ ಅಳುವವರನ್ನು ಪಕ್ಕದಲ್ಲೇ ಕೂರಿಸಿದರು. ಕತ್ತಲೆ ಎಷ್ಟು ಅನ್ನೋದು ಪ್ರಶ್ನೆಯೇ ಅಲ್ಲ. ಆ ಕತ್ತಲೆಯಲ್ಲಿ ಓದುವವರ ಜೊತೆ ಯಾರಿದ್ದಾರೆ ಅನ್ನೋದು ಪ್ರಶ್ನೆ. ನನ್ನ ಆ ಬೆಳಗಿನಲ್ಲಿ ಓದುಗರು ಒಬ್ಬೊಬ್ಬರೇ ಹೊಳೆದಂಡೆಯಲ್ಲಿ ನಿಂತಿದ್ದರು. ಗೆಳತಿಗೆ ಅದು ತಡೆಯಲಾರದಷ್ಟು ಆಯಿತು. ರಾಯಚೂರಿನ ಹುಡುಗನಿಗೆ ಹಿಡಿಯೋಕೆ ಏನೂ ಸಿಗದೆ ಬೋರ್ ಆಯಿತು.

ದರೋಜಿ ಈರಮ್ಮನವರ ಬುರ್ರಕಥೆ ನೆನಪಾಯಿತು. ಬಳ್ಳಾರಿ ಜಿಲ್ಲೆಯ ದರೋಜಿಯವರು, 2014ರಲ್ಲಿ ತೀರಿಕೊಂಡರು. ಅಕ್ಷರ ಬಾರದೆ ರಾತ್ರಿಯಿಡೀ ಮುಗಿಯದ ಕತೆಗಳನ್ನು ಬಾಯಲ್ಲಿ ಇಟ್ಟುಕೊಂಡಿದ್ದವರು. ಅವರು ಹಾಡುತ್ತಿದ್ದ ಕುಮಾರರಾಮನ ಕತೆ ನಮ್ಮ ಕುಮ್ಮಟದುರ್ಗದ್ದೇ. ಮಲತಾಯಿಯ ಮೋಹ, ಸುಳ್ಳು ಆಪಾದನೆ, ಮಗನ ತಲೆ ಕಡಿಯಿರಿ ಅನ್ನೋ ಅಪ್ಪ. ಕತ್ತಲೆ ಅಂದರೆ ಅದಕ್ಕಿಂತ ಇನ್ನೇನು ಬೇಕು? ಆದರೂ ಜನ ಬೆಳಗಿನವರೆಗೆ ಕೂತು ಕೇಳುತ್ತಾರೆ. ಬುರ್ರಕಥೆಯಲ್ಲಿ ಕತೆ ಹೇಳುವವರ ಅಕ್ಕಪಕ್ಕ ವಾದ್ಯ ಹಿಡಿದ ಜೊತೆಗಾರರು ಇರುತ್ತಾರೆ. ಹೂಂಗುಡುತ್ತಾರೆ, ನಡುವೆ ಪ್ರಶ್ನೆ ಕೇಳುತ್ತಾರೆ, ಹಾಡಿನ ಕೊನೆ ಎತ್ತಿಕೊಳ್ಳುತ್ತಾರೆ. ಕೇಳುವವರ ಪರವಾಗಿ ಅಯ್ಯೋ ಅನ್ನೋ ದನಿ ಆಟದ ಒಳಗೇ ಇದೆ. ಮುದ್ರಿತ ಕಾದಂಬರಿಯಲ್ಲಿ ಆ ಜೊತೆಗಾರರಿಲ್ಲ. ಬರೆಯುವವರೇ ಅವರನ್ನು ಕತೆಯೊಳಗೆ ತರಬೇಕು.

ಹಾಗಾಗಿ ಕೊಲೆಯ ಪುಟದಲ್ಲಿ ಒಂದು ಅಕ್ಷರವನ್ನೂ ಬದಲಿಸಲಿಲ್ಲ. ದೇವರು ಹೆದರಿದ ಸಾಲೂ ಹಾಗೇ ಇದೆ. ಬೇಜಾರಾಗಿ ನಿಲ್ಲಿಸಿದ ಪರಿಚಯದವರ ಮನೆಗೆ ಹೋಗಿ ಕೂತು ಮಾತಾಡಿದೆ. ಸಾಯೋದು ಗೊತ್ತಿದ್ದವನಿಗೆ ಹೆದರಿಕೆ ಇರುವುದರಿಂದಲೇ ಅವನು ನಮ್ಮ ಕಷ್ಟ ಶಿವನಿಗೆ ಹೇಳಬಲ್ಲ ಅಂತ ನಾನು ನಂಬಿದ್ದೇನೆ. ಅವರು ಒಪ್ಪಲಿಲ್ಲ. ಅವರ ಭಕ್ತಿಯ ಮೇಲೆ ನನಗೆ ಗೌರವ ಇದೆ, ಸಾಲು ಮಾತ್ರ ತೆಗೆಯುವುದಿಲ್ಲ. ಎಲ್ಲ ಓದುಗರನ್ನೂ ಉಳಿಸಿಕೊಳ್ಳುತ್ತೇನೆ ಅಂತ ಹೊರಟರೆ ಕತೆ ಉಳಿಯುವುದಿಲ್ಲ. ಮಾಸ್ತರರ ಪ್ರಶ್ನೆಗೂ ಕಲ್ಲಿನ ಮನೆ ತೆಗೆಯಲಿಲ್ಲ. ಆ ಗುಡ್ಡಕ್ಕೂ ಈ ಹಬ್ಬಕ್ಕೂ ಇರುವ ನಂಟು ನಾನು ಕಟ್ಟಿದ್ದು, ಇತಿಹಾಸ ಅಲ್ಲ ಅಂತ ಪುಸ್ತಕದ ಮೊದಲಲ್ಲೇ ಎರಡು ಸಾಲು ಹಾಕುತ್ತೇನೆ. ಅದು ಅವರಿಗೆ ಸಲ್ಲಬೇಕಾದ್ದು.

ಬದಲಾಗಿದ್ದು ಬೆಳಗು. ಈಗ ಅಲ್ಲಿ ಒಬ್ಬ ಅಗಸರ ಮುದುಕಿ ಇದ್ದಾಳೆ. ಊರಿನ ಗಂಡಸರು ಹೊಲಕ್ಕೆ ಹೊರಟ ಹೊತ್ತಿಗೆ ಅರಿವೆ ಗಂಟು ಬಿಗಿಯಾಗಿ ಕಟ್ಟಿ ಮೂಲೆಗೆ ತಳ್ಳುತ್ತಾಳೆ. ಮಗ ಹೊಳೆಗೆ ಹೋಗೋಣ ಅಂದರೆ ಅಡ್ಡ ಕೂರುತ್ತಾಳೆ. ಹೊನ್ನವ್ವ ಬರಿ ಬುಟ್ಟಿ ಹಿಡಿದು ಅವಳ ಮನೆಗೆ ಬರುತ್ತಾಳೆ. ಇಬ್ಬರೂ ಜಾಸ್ತಿ ಮಾತಾಡುವುದಿಲ್ಲ. ಮುದುಕಿ ಅಂಬಲಿ ಕಾಸುತ್ತಾಳೆ, ಅರ್ಧ ಉಣ್ಣೋಕೆ, ಅರ್ಧ ಚೆಲ್ಲೋಕೆ. ಇಂಜಿನಿಯರಿಂಗ್ ಹುಡುಗ ಕೇಳಿದ ನಿಯಮವೂ ಇಲ್ಲೇ ಸಿಕ್ಕಿತು. ಅವನು ಕೇಳಿದ ರೀತಿಯ ಲೆಕ್ಕ ಅಲ್ಲ. ಯಾರೂ ಅಳದಿದ್ದರೆ ಮಳೆ ಬರುವುದಿಲ್ಲ, ಇಷ್ಟೇ. ಕೊಂದರೆ ಸಾಲದು. ಆ ವರ್ಷ ಊರಲ್ಲಿ ಅತ್ತವರು ಇಬ್ಬರೇ, ಆದ್ದರಿಂದ ಮಳೆಯೂ ಎರಡೇ ಹೊಲಕ್ಕೆ ಬೀಳುತ್ತದೆ. ದ್ವಿತೀಯಾರ್ಧದ ಜಗಳವೆಲ್ಲ ಅಲ್ಲಿಂದ ಹುಟ್ಟುತ್ತದೆ. ಈ ಎಳೆ ನನ್ನ ಮೊದಲಿನ ಟಿಪ್ಪಣಿಯಲ್ಲಿ ಎಲ್ಲೂ ಇರಲಿಲ್ಲ.

ಹೊಸ ಬೆಳಗನ್ನು ಅದೇ ಓದುಗರಿಗೆ ಮತ್ತೆ ಕೊಟ್ಟೆ. ಬಳ್ಳಾರಿ ಗೆಳತಿ ಈ ಸಲ "ಸಾಕು" ಬರೆಯಲಿಲ್ಲ. ಮುದುಕಿಯ ಹೆಸರೇನು ಅಂತ ಕೇಳಿದಳು. ರಾಯಚೂರಿನ ಹುಡುಗ ಎರಡೇ ಹೊಲಕ್ಕೆ ಮಳೆ ಬಿದ್ದದ್ದಕ್ಕೆ ಖುಷಿಪಟ್ಟ, ಆದರೂ ಕೊಲೆಯಲ್ಲಿ ಭಯ ಕಮ್ಮಿಯೇ ಅನ್ನುತ್ತಾನೆ. ಕಾಲೇಜು ಹುಡುಗಿಗೆ ಹಳೆಯ ಬರಿದಾದ ಬೆಳಗೇ ಹೆಚ್ಚು ಹಿಡಿಸಿತ್ತಂತೆ, ಅದನ್ನು ಯಾಕೆ ತೆಗೆದಿರಿ ಅಂತ ಸಿಟ್ಟಾಗಿದ್ದಾಳೆ. ಅವಳ ಮಾತನ್ನು ಬರೆದಿಟ್ಟುಕೊಂಡಿದ್ದೇನೆ. ಅಂಗನವಾಡಿ ಟೀಚರು ಮುದುಕಿ ಗಂಟು ಕಟ್ಟುವ ರೀತಿಯನ್ನು ತಿದ್ದಿ ಕೊಟ್ಟರು. ನಾಲ್ಕು ಮೂಲೆ ಒಟ್ಟಿಗೆ ಹಿಡಿಯುವುದಿಲ್ಲವಂತೆ, ಎದುರುಬದುರು ಎರಡೆರಡು ಮೂಲೆ ಬಿಗಿಯಬೇಕಂತೆ. ಮುಂದಿನ ಭಾಗ ಭತ್ತದ ಕೊಯ್ಲು ಮುಗಿದ ಮೇಲೆ ಕೊಡುತ್ತೇನೆ, ಆಗ ಮಿಲ್ಲಿನಲ್ಲಿ ನನಗೆ ಬಿಡುವಿರುವುದಿಲ್ಲ, ಆದರೆ ಅವರಿಗೆ ಓದೋಕೆ ಬಿಡುವಿರುತ್ತದೆ. ದೊಡ್ಡವ್ವನಿಗೆ ಮಾತ್ರ ನಾನೇ ಹೋಗಿ ಓದಿ ಹೇಳಬೇಕು.