ಗೇಟಿನ ಕಾವಲುಗಾರರು ಪದೇ ಪದೇ ಬದಲಾಗುತ್ತಿದ್ದರೆ ನಿವಾಸಿಗಳ ಸಂಘ ಏನು ಮಾಡಬೇಕು

ನಿನ್ನೆ ಗೇಟಿನಲ್ಲಿದ್ದ ಸೆಕ್ಯೂರಿಟಿ ಗಾರ್ಡ್ ಇಂದು ಇಲ್ಲ ಎಂಬುದು ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು. ಅದು ಏಜೆನ್ಸಿಯ ತಲೆನೋವು, ನಮಗೆ ದಿನದ ಹಾಜರಾತಿ ಭರ್ತಿಯಾದರೆ ಸಾಕು ಎಂಬುದು ಪದಾಧಿಕಾರಿಗಳ ಸಾಮಾನ್ಯ ಉತ್ತರ. ಈ ಉತ್ತರ ತಪ್ಪು. ಹೊಸಬನನ್ನು ಹುಡುಕುವ ಖರ್ಚು ಏಜೆನ್ಸಿಯದಾಗಿರಬಹುದು, ಆದರೆ ನಷ್ಟ ಆಗುವುದು ಸಂಘಕ್ಕೆ, ಮತ್ತು ಗಾರ್ಡ್‌ಗಳು ಬಿಟ್ಟುಹೋಗುವ ಕಾರಣಗಳಲ್ಲಿ ಬಹುಪಾಲು ಸಂಘವೇ ಸಹಿ ಮಾಡಿದ ಒಪ್ಪಂದದಲ್ಲಿ ಅಡಗಿರುತ್ತವೆ.

ಆರು ತಿಂಗಳು ಒಂದೇ ಗೇಟಿನಲ್ಲಿ ನಿಂತವನಿಗೆ ಯಾವ ಮನೆಯ ಕೆಲಸದಾಕೆ ಎಷ್ಟು ಹೊತ್ತಿಗೆ ಬರುತ್ತಾಳೆ, ಯಾವ ಫ್ಲ್ಯಾಟಿನಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಯಾವ ಫೈರ್ ಅಲಾರಂ ಮಳೆ ಬಂದಾಗಲೆಲ್ಲ ಸುಮ್ಮನೆ ಕೂಗಿಕೊಳ್ಳುತ್ತದೆ, ಬೇಸ್‌ಮೆಂಟಿಗೆ ನೀರು ನುಗ್ಗಿದರೆ ಯಾವ ಪಂಪಿನ ಸ್ವಿಚ್ ಹಾಕಬೇಕು ಎಂಬುದೆಲ್ಲ ಗೊತ್ತಿರುತ್ತದೆ. ಎಲ್ಲಿಯೂ ಬರೆದಿಡದ ಈ ತಿಳಿವಳಿಕೆ ಅವನೊಂದಿಗೇ ಗೇಟು ದಾಟುತ್ತದೆ. ಹೊಸಬ ಮೊದಲ ದಿನ ಎಲ್ಲರನ್ನೂ ತಡೆಯುತ್ತಾನೆ. ನಿವಾಸಿಯೊಬ್ಬರು ಕಾರಿನ ಗಾಜು ಇಳಿಸಿ ‘ನಾನು ಯಾರು ಗೊತ್ತೇನಯ್ಯಾ’ ಎಂದು ಗದರಿದ ಮೇಲೆ, ಮೂರನೆಯ ದಿನದಿಂದ ಯಾರನ್ನೂ ತಡೆಯುವುದಿಲ್ಲ.

ತರಬೇತಿಯೂ ಇದರಿಂದಲೇ ಸೊರಗುತ್ತದೆ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣಕ್ಕೆ 2005ರಲ್ಲಿ ಬಂದ ಕಾಯ್ದೆಯಡಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ನಿಯಮಗಳು ಗಾರ್ಡ್‌ಗೆ 100 ಗಂಟೆ ತರಗತಿ ಮತ್ತು 60 ಗಂಟೆ ಕ್ಷೇತ್ರ ತರಬೇತಿಯನ್ನು, ಕನಿಷ್ಠ 20 ಕೆಲಸದ ದಿನಗಳಲ್ಲಿ, ನೀಡಬೇಕೆನ್ನುತ್ತವೆ. ದಿನಕ್ಕೆ 12 ಗಂಟೆಯಂತೆ 26 ದಿನ ದುಡಿದರೂ ತಿಂಗಳಿಗೆ ಆಗುವುದು 312 ಗಂಟೆ. ತಿಂಗಳೊಪ್ಪತ್ತಿನಲ್ಲಿ ಬಿಟ್ಟುಹೋಗುವವನಿಗಾಗಿ ಅದರ ಅರ್ಧಕ್ಕೂ ಹೆಚ್ಚು ಹೊತ್ತನ್ನು, ಅಂದರೆ ಒಟ್ಟು 160 ಗಂಟೆಯನ್ನು, ತರಬೇತಿಗೆ ಮೀಸಲಿಡಲು ಏಜೆನ್ಸಿಗೆ ಮನಸ್ಸು ಬರುವುದು ಕಷ್ಟ.

ಆದ್ದರಿಂದ ಮೊದಲು ಮಾಡಬೇಕಾದದ್ದು ಎಣಿಕೆ. ಮೂರು ತಿಂಗಳಲ್ಲಿ ಬಿಟ್ಟವರ ಸಂಖ್ಯೆಯನ್ನು ತಂಡದ ಸರಾಸರಿ ಬಲದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾವಾರು ಸಿಗುತ್ತದೆ. ಹನ್ನೆರಡು ಜನರಲ್ಲಿ ಆರು ಮಂದಿ ಹೋಗಿದ್ದರೆ ಅದು ಶೇ 50. ಆದರೆ ಈ ಒಂದು ಅಂಕಿಯನ್ನು ನಂಬಿ ಕೂರಬಾರದು. ಪ್ರತಿ ಪಾಯಿಂಟ್‌ಗೂ, ಅಂದರೆ ಗಾರ್ಡ್ ನಿಲ್ಲುವ ಪ್ರತಿ ಜಾಗಕ್ಕೂ, ಪ್ರತ್ಯೇಕ ಸಾಲು ಹಾಕಿ, ಯಾರು ಎಂದು ಬಂದರು, ಎಂದು ಹೋದರು ಎಂದು ಬರೆದಿಟ್ಟರೆ, ಹೋದ ಆರೂ ಮಂದಿ ಹಿಂದಿನ ಗೇಟಿನ ರಾತ್ರಿ ಪಾಳಿಯವರೇ ಎಂಬಂಥ ಸಂಗತಿ ಹೊರಬೀಳಬಹುದು. ಆಗ ನೋಡಬೇಕಾದದ್ದು ಆ ಜಾಗವನ್ನು: ಅಲ್ಲಿ ಶೌಚಾಲಯ, ಕುಡಿಯುವ ನೀರು, ಕೂರಲು ಕುರ್ಚಿ, ಮಳೆಗೆ ಮರೆ ಇವೆಯೇ?

ಎರಡನೆಯದು ರಿಲೀವರ್, ಅಂದರೆ ರಜೆಯಲ್ಲಿರುವವರ ಬದಲಿಗೆ ನಿಲ್ಲುವವರ ಲೆಕ್ಕ; ಹೆಚ್ಚಿನ ಸಂಘಗಳು ಎಡವುವುದು ಇಲ್ಲಿಯೇ. ದಿನದ 24 ಗಂಟೆಯೂ ಕಾವಲಿರಬೇಕಾದ ಒಂದು ಪಾಯಿಂಟ್‌ಗೆ 12 ಗಂಟೆಯ ಪಾಳಿಯಂತೆ ವಾರಕ್ಕೆ 14 ಪಾಳಿಗಳಾಗುತ್ತವೆ. ಒಬ್ಬರಿಗೆ ವಾರದ ರಜೆ ಕಳೆದು ಉಳಿಯುವುದು ಆರು ಪಾಳಿ, ಅಂದರೆ ಬೇಕಾದವರು ಇಬ್ಬರಲ್ಲ, 2.33 ಜನ. ಆರು ಪಾಯಿಂಟ್‌ಗಳಿಗೆ 14 ಜನ ಬೇಕಿರುವಲ್ಲಿ ಬಿಲ್ಲು 12 ಜನರದ್ದಾಗಿದ್ದರೆ, ಉಳಿದ ಇಬ್ಬರ ಕೆಲಸ ಇರುವವರ ರಜೆಯನ್ನು ಕಿತ್ತುಕೊಂಡೋ ಡಬಲ್ ಡ್ಯೂಟಿ ಮಾಡಿಸಿಯೋ ನಡೆಯುತ್ತಿದೆ ಎಂದೇ ಅರ್ಥ. 24 ಗಂಟೆ ನಿಂತವನು ರಾತ್ರಿ ಮೂರಕ್ಕೆ ತೂಕಡಿಸಿದರೆ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಮೂರನೆಯದು, ಸಂಘ ಕೊಟ್ಟ ಹಣದಲ್ಲಿ ಗಾರ್ಡ್‌ನ ಕೈಗೆ ಎಷ್ಟು ತಲುಪುತ್ತಿದೆ ಎಂಬ ವಿಚಾರಣೆ. ಅತಿ ಕಡಿಮೆ ದರದ ಕೊಟೇಶನ್ ಒಪ್ಪಿಕೊಂಡರೆ ಆ ಕಡಿತ ಕೊನೆಗೆ ಬಂದು ಬೀಳುವುದು ಸಂಬಳದ ಮೇಲೆ. ಮೂಲ ವೇತನ, ತುಟ್ಟಿಭತ್ಯೆ, ಪಿಎಫ್ (ಭವಿಷ್ಯ ನಿಧಿ), ಇಎಸ್ಐ (ನೌಕರರ ರಾಜ್ಯ ವಿಮೆ), ರಿಲೀವರ್ ವೆಚ್ಚ, ಯೂನಿಫಾರ್ಮ್, ಏಜೆನ್ಸಿಯ ಸೇವಾ ಶುಲ್ಕ ಇವುಗಳನ್ನು ಬಿಡಿಬಿಡಿಯಾಗಿ ತೋರಿಸಿದ ಕೊಟೇಶನ್ನನ್ನೇ ಕೇಳಬೇಕು. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಿಂದ ಪರಿಷ್ಕರಣೆಯಾಗುವುದರಿಂದ, ಅದಕ್ಕೆ ತಕ್ಕಂತೆ ದರ ಏರಿಸುವ ಷರತ್ತು ಒಪ್ಪಂದದಲ್ಲಿರಬೇಕು. ಪ್ರತಿ ಬಿಲ್ಲಿನ ಜೊತೆ ಹಿಂದಿನ ತಿಂಗಳ ಪಿಎಫ್ ಮತ್ತು ಇಎಸ್ಐ ಚಲನ್‌ಗಳನ್ನು, ಹೆಸರುಗಳ ಪಟ್ಟಿ ಸಮೇತ, ತರಿಸಿಕೊಳ್ಳಬೇಕು. ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ ಇಎಸ್ಐ ಅನ್ವಯಿಸುತ್ತದೆ. ಸಂಘ ಬಿಲ್ ಪಾವತಿಯನ್ನು ಎಳೆದಾಡಿದರೆ ಸಣ್ಣ ಏಜೆನ್ಸಿ ಸಂಬಳವನ್ನೂ ಎಳೆದಾಡುತ್ತದೆ ಎಂಬುದನ್ನು ಖಜಾಂಚಿ ಮರೆಯಬಾರದು. ಯೂನಿಫಾರ್ಮಿನ ಹಣವನ್ನು ಮೊದಲ ಸಂಬಳದಲ್ಲೇ ಮುರಿದುಕೊಳ್ಳುವುದನ್ನು ಒಪ್ಪಂದದಲ್ಲಿಯೇ ತಡೆಯುವುದು ಒಳ್ಳೆಯದು, ಏಕೆಂದರೆ ಮೊದಲ ಸಂಬಳ ನೋಡಿ ಬೇಸತ್ತವನು ಎರಡನೆಯದಕ್ಕೆ ಕಾಯುವುದಿಲ್ಲ.

ಬಿಟ್ಟುಹೋಗುತ್ತಿರುವವರನ್ನು ಸೂಪರ್‌ವೈಸರ್ ಎದುರಿಗಿಲ್ಲದಾಗ, ಅವರಿಗೆ ಬರುವ ಭಾಷೆಯಲ್ಲಿ ಮಾತನಾಡಿಸಬೇಕು. ರಾಯಚೂರು, ಕಲಬುರಗಿ ಕಡೆಯಿಂದ ಬಂದವರ ಜೊತೆಗೆ ಅಸ್ಸಾಂ, ಒಡಿಶಾ, ಬಿಹಾರದವರೂ ಈ ಕೆಲಸದಲ್ಲಿದ್ದಾರೆ. ಬಿತ್ತನೆಯ ಹೊತ್ತಿಗೆ, ಬಿಹು, ಛಠ್ ಹಬ್ಬಗಳ ಸಮಯದಲ್ಲಿ ಊರಿಗೆ ಹೋಗಲು ರಜೆ ಸಿಗದೆ ಕೆಲಸವನ್ನೇ ಬಿಡುವವರಿಗೆ, ಎರಡು ತಿಂಗಳು ಮುಂಚೆಯೇ ರಜೆಯ ಸರದಿ ಬರೆದಿಟ್ಟರೆ ಮರಳಿ ಬರಲು ಕಾರಣವಿರುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವರು ಹೋಗಿಯೇ ಹೋಗುತ್ತಾರೆ. ಅದಕ್ಕಾಗಿ ಪ್ರತಿ ಪಾಯಿಂಟ್‌ಗೆ ಒಂದು ನೋಟ್‌ಬುಕ್ ಇರಲಿ: ಪಂಪು, ಜನರೇಟರ್, ಲಿಫ್ಟ್ ಕೀಲಿಗಳ ಜಾಗ, ತುರ್ತು ಕರೆಯ ಸಂಖ್ಯೆಗಳು, ರಾತ್ರಿ ಗಸ್ತಿನ ದಾರಿ. ಒಬ್ಬರೇ ಇರುವ ಹಿರಿಯರ ವಿವರ ಮಾತ್ರ ಅದರಲ್ಲಿ ಬೇಡ, ಅದು ಕಾರ್ಯದರ್ಶಿಯ ಬಳಿಯೇ ಇರಲಿ. ಹೊಸಬನನ್ನು ಕನಿಷ್ಠ ಎರಡು ಪಾಳಿ ಹಳಬನ ಜೊತೆ ನಿಲ್ಲಿಸಬೇಕು. ಅವನ ಪೂರ್ವಾಪರ ಪರಿಶೀಲನೆಯ ದಾಖಲೆ ಮತ್ತು ಫೋಟೊ ಇರುವ ಗುರುತಿನ ಚೀಟಿಯನ್ನು ಅದಕ್ಕೂ ಮೊದಲೇ ನೋಡಬೇಕು.

ಕೊನೆಗೆ ಏಜೆನ್ಸಿಯನ್ನೇ ಬದಲಿಸುವ ನಿರ್ಧಾರವಾದರೆ, ಉಳಿಯಲು ಒಪ್ಪುವ ಹಳೆಯ ಗಾರ್ಡ್‌ಗಳನ್ನು ಹೊಸ ಏಜೆನ್ಸಿ ತೆಗೆದುಕೊಳ್ಳಬೇಕೆಂಬ ಷರತ್ತು ಹಾಕಿ, ಅವರ ಪಿಎಫ್ ಖಾತೆ ಕೆಲಸ ಬದಲಾದರೂ ಒಂದೇ ಆಗಿರುವ ಹಳೆಯ ಯುಎಎನ್ ಸಂಖ್ಯೆಯಲ್ಲೇ ಮುಂದುವರಿಯುವಂತೆ ನೋಡಿಕೊಳ್ಳಬೇಕು. ಅವರಿಗೆ ಬರಬೇಕಾದ ಸಂಬಳ ಸಂದಾಯವಾಗಿದೆ ಎಂಬ ಸಹಿ ಕೈಸೇರಿದ ಬಳಿಕವೇ ಹಳೆಯ ಏಜೆನ್ಸಿಯ ಕೊನೆಯ ಬಿಲ್ ಪಾವತಿಯಾಗಬೇಕು.