ಅಮೆರಿಕದ ಹಳೇ ವಂಶಾವಳಿ ಹುಡುಕೋದು ಹೇಗೆ: ಹನ್ನೊಂದು ವರ್ಷದ ಅಪ್ಪ!

ನನ್ನ ಸೊಸೆ ಒಹಾಯೋದವಳು. ಅವರ ಕಡೆಯವರು ಮಾಡಿಟ್ಟಿದ್ದ ವಂಶವೃಕ್ಷದಲ್ಲಿ ಒಬ್ಬ ಪುಣ್ಯಾತ್ಮ ಹನ್ನೊಂದನೇ ವಯಸ್ಸಿಗೇ ಅಪ್ಪ ಆಗ್ಬಿಟ್ಟಿದ್ದ! ಯಾರೋ ಆನ್‌ಲೈನ್‌ನಲ್ಲಿ ಹಾಕಿದ್ದ ಟ್ರೀನ ಕಣ್ಮುಚ್ಕೊಂಡು ಕಾಪಿ ಹೊಡೆದ್ರೆ ಇನ್ನೇನಾಗತ್ತೆ. ದಯವಿಟ್ಟು ಆ ಕೆಲಸ ಮಾಡ್ಬೇಡಿ.

ಮೊದ್ಲು ಮನೇಲಿರೋ ಹಿರಿಯರನ್ನ ಕೇಳಿ, ಹಳೇ ಬೈಬಲ್‌ನಲ್ಲಿ ಹುಟ್ಟು ಸಾವು ಬರೆದಿದ್ದಾರಾ ನೋಡಿ. ಆಮೇಲೆ 1950ರ ಜನಗಣತಿಯಿಂದ ಹತ್ತತ್ತು ವರ್ಷ ಹಿಂದಕ್ಕೆ 1900ರ ತನಕ ಬನ್ನಿ, ಇದು ಸುಲಭ, ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ವೆಬ್‌ಸೈಟ್‌ನಲ್ಲಿ ಫ್ರೀ ಅಕೌಂಟ್ ಸಾಕು, ಈಗ್ಲೇ ದುಡ್ಡು ಸುರೀಬೇಡಿ. ನಿಮ್ಮ ಸರ್‌ನೇಮಿನ ಲಾಂಛನ ಅಂತ ಫ್ರೇಮ್ ಹಾಕಿ ಮಾರ್ತಾರಲ್ಲ ಅದನ್ನಂತೂ ಬೇಡವೇ ಬೇಡ, ಲಾಂಛನ ಕೊಡ್ತಿದ್ದಿದ್ದು ವ್ಯಕ್ತಿಗೆ, ಸರ್‌ನೇಮಿಗಲ್ಲ.

ಎಲ್ಲರೂ ಎಡವೋದು 1900ಕ್ಕಿಂತ ಹಿಂದಕ್ಕೆ ಹೋಗುವಾಗ. 1890ರ ಗಣತಿ ಪುಸ್ತಕಗಳು ವಾಷಿಂಗ್ಟನ್ನಿನಲ್ಲಿ 1921ರಲ್ಲಿ ಬೆಂಕಿಗೆ ಸಿಕ್ಕಿ ಹೆಚ್ಚುಕಮ್ಮಿ ಪೂರ್ತಿ ಹೋದ್ವು, ಹಾಗಾಗಿ ಸೀದಾ 1880ಕ್ಕೆ ಹಾರ್ಬೇಕು. 1882ರಲ್ಲಿ ಹುಟ್ಟಿ 1899ರಲ್ಲಿ ಮದುವೆ ಆದ ಹುಡುಗಿ ಇದ್ರೆ, ಅಪ್ಪನ ಮನೇಲಿ ಅವಳ ಹೆಸರು ಉಳಿದಿರೋ ಯಾವ ರಾಷ್ಟ್ರೀಯ ಗಣತೀಲೂ ಸಾಮಾನ್ಯವಾಗಿ ಕಾಣಲ್ಲ. ಅವಳ ಮದುವೆ ರೆಕಾರ್ಡು, ಡೆತ್ ಸರ್ಟಿಫಿಕೇಟು ಹುಡುಕಿ, ಅಪ್ಪ ಅಮ್ಮನ ಹೆಸರು ಅಲ್ಲಿ ಸಿಗಬಹುದು.

ಇನ್ನೊಂದು ಗುಂಡಿ, ಮನೆ ಯಜಮಾನನಿಗೆ ಯಾರು ಏನಾಗ್ಬೇಕು ಅನ್ನೋ ಕಾಲಮ್ ಶುರುವಾಗಿದ್ದೇ 1880ರಲ್ಲಿ. 1850, 60, 70ರಲ್ಲಿ ಹೆಸರು, ವಯಸ್ಸು ಇರತ್ತೆ, ಆದ್ರೆ ಹೆಂಡ್ತಿನೋ ತಂಗಿನೋ ನೀವೇ ಊಹಿಸ್ಬೇಕು. ವಯಸ್ಸನ್ನ ಪೂರ್ತಿ ನಂಬ್ಬೇಡಿ, ಸ್ಪೆಲ್ಲಿಂಗ್ ಅಂತೂ ಕೇಳ್ಲೇಬೇಡಿ, ಗಣತಿಯವನ ಕಿವಿಗೆ ಬಿದ್ದಂಗೆ ಮೇಯರ್ ಅನ್ನೋ ಸರ್‌ನೇಮಿನವನು ಮೈಯರ್ಸ್ ಆಗ್ತಾನೆ. ಅದಕ್ಕೇ ಇಂಡೆಕ್ಸ್ ಬಿಟ್ಟು ಸ್ಕ್ಯಾನ್ ಪುಟನೇ ತೆಗೆದು, ಅಕ್ಕಪಕ್ಕದ ಮನೆಗಳನ್ನೂ ಓದಿ, ಮಾವನೋ ಭಾವನೋ ಅಲ್ಲೇ ಇರ್ತಾರೆ.

1850ಕ್ಕಿಂತ ಹಿಂದೆ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಲೆಕ್ಕ. ಗುಲಾಮಗಿರಿಯಲ್ಲಿದ್ದ ಕರಿಯರ ಮನೆತನ ಆದ್ರೆ ಇನ್ನೂ ಕಷ್ಟ, 1850, 1860ರ ಗುಲಾಮರ ಪಟ್ಟೀಲಿ ಮಾಲೀಕನ ಹೆಸರಿನ ಕೆಳಗೆ ಸಾಮಾನ್ಯವಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ ಅಷ್ಟೇ, ಹೆಸರು ಸಿಗೋದು 1870ರಿಂದ. ಗುಲಾಮಗಿರಿಯಿಂದ ಬಿಡುಗಡೆ ಆದವರ ನೆರವಿಗೆ ಸರ್ಕಾರ ತೆರೆದಿದ್ದ ಫ್ರೀಡ್‌ಮೆನ್ಸ್ ಬ್ಯೂರೋ ಅನ್ನೋ ಕಚೇರಿಯ ದಾಖಲೆಗಳನ್ನ ಹುಡುಕಿ.

ಅಂದಹಾಗೆ ಆ ಹನ್ನೊಂದು ವರ್ಷದ ಅಪ್ಪ? ಕೌಂಟಿ (ಜಿಲ್ಲೆ) ಕೋರ್ಟಿನ ಹಳೇ ಉಯಿಲಿನಲ್ಲಿ ಸಿಕ್ಕ, ಅವನು ಆ ಮಗುವಿನ ಅಪ್ಪ ಅಲ್ಲ, ಅಣ್ಣ. ಅಪ್ಪ ತೀರಿಹೋಗಿ 1870ರಲ್ಲಿ ಮನೆ ನಡೆಸ್ತಿದ್ದ, ಗಣತಿ ಪಟ್ಟೀಲಿ ಅವನ ಹೆಸರೇ ಮೊದ್ಲು, ಅದನ್ನ ನೋಡಿ ಯಾರೋ ಅಪ್ಪ ಅಂದ್ಕೊಂಡಿದ್ರು.